ಆಯಿಯ ಆರರ ಎಣಿಕೆ

ನಮ್ಮ ಆಯಿ, ಅಂದರೆ ಅಪ್ಪನ ಅವ್ವ, ಲಿಂಗೈಕ್ಯಳಾದ ಮೇಲೆ ಮಾತಾಡಿಸಲು ಬಂದವರೆಲ್ಲ ಹೆಚ್ಚುಕಮ್ಮಿ ಒಂದೇ ಮಾತು ಹೇಳಿದರು. "ಭಾಳ ಶಿವಭಕ್ತಿ ಇದ್ದಾಕಿ. ಪುಣ್ಯವಂತಿ." ಮಠದ ಅಜ್ಜಾರು ಆಶೀರ್ವಚನದಲ್ಲಿ ಅದನ್ನೇ ಹೇಳಿದರು. ಅಪ್ಪ ಅಚ್ಚು ಹಾಕಿಸಿದ ಪುಣ್ಯಸ್ಮರಣೆಯ ಪತ್ರದ ಮೇಲೂ ಅದೇ ಇತ್ತು. ಪಕ್ಕದಲ್ಲಿ ಹಣೆ ತುಂಬ ವಿಭೂತಿ ಇರುವ ಅವಳ ಫೋಟೋ.

ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಅವಳ ಕೈಕೆಲಸದ ಮಾತು ಯಾರ ಬಾಯಲ್ಲೂ ಬರಲಿಲ್ಲ. ಒಬ್ಬಿಬ್ಬರು ಎತ್ತಿದರೂ "ಸುಮ್ನ ಕೂಡೂದು ಗೊತ್ತಿರಲಿಲ್ಲ ಆಕಿಗೆ, ಹೊತ್ತು ಹೋಗಲಿ ಅಂತ ಏನರ ಹೊಲಕೋತ ಇರತಿದ್ದಳು" ಅಂದರು. ಹೊತ್ತು ಹೋಗಲಿ ಅಂತ! ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಹೊತ್ತು ಸಾಲದೆ ಒದ್ದಾಡಿದ ಹೆಂಗಸು ಅವಳು. ಹೊಲ, ದನ, ಮಕ್ಕಳು, ಬಂದು ಹೋಗುವವರು, ಇದರ ನಡುವೆ ಸಿಕ್ಕ ಹೊತ್ತನ್ನು ಕಸಿದುಕೊಂಡು ಹೊಲಿದಳು. ಅವಳ ಭಕ್ತಿ ಎಂಥದ್ದು ಅಂತ ಹೇಳಬೇಕಾದರೆ ಅವಳ ಸೂಜಿಯ ಬಗ್ಗೆ ಹೇಳಲೇಬೇಕು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಧಾರವಾಡದ ಸುತ್ತಲಿನ ಎರೆಮಣ್ಣಿನ ಊರು ನಮ್ಮದು. ಆಯಿಗೆ ತಾನು ಹುಟ್ಟಿದ ದಿನ ಗೊತ್ತಿರಲಿಲ್ಲ. 1947ರಲ್ಲಿ ಸ್ವಾತಂತ್ರ್ಯ ಬಂದಾಗ ಪಂಚಮಿ ಜೋಕಾಲಿಯಲ್ಲಿ ನಿಂತು ಜೀಕುವಷ್ಟು ದೊಡ್ಡವಳಾಗಿದ್ದೆ ಅನ್ನುತ್ತಿದ್ದಳು. ಅವಳು ಲಗ್ನವಾಗಿ ಬಂದಾಗ ನಮ್ಮ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. 1956ರಲ್ಲಿ ರಾಜ್ಯ ಒಂದಾದಾಗ ಅವಳ ಮಡಿಲಲ್ಲಿ ದೊಡ್ಡಪ್ಪ ಇದ್ದ. ಸಾಲಿ ಕಲಿತದ್ದು ಎರಡೋ ಮೂರೋ ಇಯತ್ತೆ. ಓದು ಗಟ್ಟಿಯಾದದ್ದು ಮಠದಲ್ಲಿ, ಪುರಾಣದ ಪುಸ್ತಕ ಓದುತ್ತಾ ಓದುತ್ತಾ.

ಅವಳ ಬೆಳಗು ಹೀಗಿರುತ್ತಿತ್ತು. ಹೊತ್ತು ಹುಟ್ಟುವ ಮುಂಚೆ ಎದ್ದು, ಅಂಗಳ ಸಾರಿಸಿ, ಜಳಕ ಮಾಡಿ ಜಗಲಿಯ ಮುಂದೆ ಕೂರುತ್ತಿದ್ದಳು. ಬೆಳ್ಳಿಯ ಕರಡಿಗೆ ಬಿಚ್ಚಿ ಇಷ್ಟಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡು ನೀರು, ವಿಭೂತಿ, ಪತ್ರಿ. ಆಮೇಲೆ ಕಣ್ಣು ಮುಚ್ಚದೆ ಅದನ್ನೇ ನೋಡುತ್ತಾ ಕೂರುವುದು. ಆ ಹೊತ್ತಿನಲ್ಲಿ ಮನೆಗೆ ಯಾರೇ ಬರಲಿ, ದನ ಹಗ್ಗ ಹರಿದುಕೊಳ್ಳಲಿ, ಅವಳು ಏಳುತ್ತಿರಲಿಲ್ಲ. ಪೂಜೆ ಮುಗಿಸಿ ಪಾದೋದಕ ತೆಗೆದುಕೊಂಡ ಮೇಲೆಯೇ ಬಾಯಿಗೆ ಚಹಾ. ಇದು ಎಲ್ಲರಿಗೂ ಗೊತ್ತಿರುವ ಆಯಿ. ಎಲ್ಲರೂ ನೆನಪಿಟ್ಟುಕೊಂಡ ಆಯಿ.

ಇನ್ನೊಬ್ಬಳು ಮಧ್ಯಾಹ್ನ ಕಾಣಿಸುತ್ತಿದ್ದಳು. ಊಟದ ಮೇಲೆ ಪಡಸಾಲೆಯ ಬಾಗಿಲಿಗೆ ಬೆನ್ನು ಕೊಟ್ಟು, ಬೆಳಕು ಬಟ್ಟೆಯ ಮೇಲೆ ಬೀಳುವ ಹಾಗೆ ಕೂತು ಕಸೂತಿ ಹಾಕುವವಳು.

ನಮ್ಮ ಕಡೆಯ ಕಸೂತಿ ನೋಡಿದವರಿಗೆ ಗೊತ್ತಿರುತ್ತದೆ. ಅದಕ್ಕೆ ಪೆನ್ಸಿಲಿನಿಂದ ನಮೂನೆ ಬರೆದುಕೊಳ್ಳುವ ಪದ್ಧತಿ ಇಲ್ಲ. ಬಟ್ಟೆಯ ಎಳೆ ಎಣಿಸುತ್ತಾ ಹೋಗುವುದು, ಅಷ್ಟೇ. ಗವಂತಿ, ಮುರಗಿ, ನೇಗಿ, ಮೆಂತಿ ಅಂತ ನಾಲ್ಕು ಥರದ ಹೊಲಿಗೆ. ಇಳಕಲ್ ಸೀರೆಯ ಕಪ್ಪು, ಕಡುಹಸಿರು ಮೈಮೇಲೆ ಇವುಗಳಿಂದಲೇ ತೇರು, ಗೋಪುರ, ಆನೆ, ನವಿಲು, ತುಳಸಿಕಟ್ಟೆ ಎಲ್ಲ ಮೂಡಬೇಕು. ಆಯಿಯ ಕೈ ಹೆಚ್ಚು ಓಡುತ್ತಿದ್ದದ್ದು ಗವಂತಿಯಲ್ಲಿ. ಹೋಗುವಾಗ ಒಂದು ಹೊಲಿಗೆ ಮೇಲೆ, ಒಂದು ಹೊಲಿಗೆ ಕೆಳಗೆ. ಬರುವಾಗ ಬಿಟ್ಟ ಜಾಗ ತುಂಬುವುದು. ಗಂಟು ಹಾಕುವ ಹಾಗಿಲ್ಲ. ಸರಿಯಾಗಿ ಮಾಡಿದರೆ ಬಟ್ಟೆ ತಿರುವಿ ಹಾಕಿದರೂ ಯಾವುದು ಮೇಲು, ಯಾವುದು ಕೆಳಗು ಅಂತ ಗೊತ್ತಾಗುವುದಿಲ್ಲ.

ಕೇಳಲು ಸುಲಭ ಅನಿಸುತ್ತದೆ ಅಲ್ವಾ? ಕೂತು ಮಾಡಿ ನೋಡಿ. ತೇರಿನ ನಮೂನೆಯಲ್ಲಿ ಗಾಲಿ ಇದೆ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಅಂತಸ್ತುಗಳಿವೆ, ಮೇಲೆ ಕಳಸ ಇದೆ, ಎರಡು ಬದಿಗೆ ಪತಾಕೆ. ದಾರ ಹೊರಟಲ್ಲಿಂದ ಎಲ್ಲ ಕವಲುಗಳಿಗೂ ಹೋಗಿ, ಪ್ರತಿ ಗೆರೆಯ ಮೇಲೂ ಎರಡು ಸಲ ನಡೆದು, ಹೊರಟ ಜಾಗಕ್ಕೇ ವಾಪಸ್ ಬರಬೇಕು. ಯಾವ ತಿರುವಿನಲ್ಲಿ ಪತಾಕೆಗೆ ಹೊರಳಬೇಕು ಅನ್ನುವುದು ಮೊದಲ ಹೊಲಿಗೆ ಹಾಕುವ ಮುಂಚೆಯೇ ತಲೆಯಲ್ಲಿರಬೇಕು. ಒಂದು ಎಳೆ ತಪ್ಪಿದರೂ ಕಳಸ ಓರೆಯಾಗುತ್ತದೆ. ಇದನ್ನೆಲ್ಲ ಆಯಿ ಒಂದು ಗೆರೆಯನ್ನೂ ಕಾಗದದ ಮೇಲೆ ಎಳೆಯದೆ ಮಾಡುತ್ತಿದ್ದಳು. ನಾನು ಎಂಜಿನಿಯರಿಂಗ್ ಓದುವಾಗ ಕಲಿತ ಎಷ್ಟೋ ಲೆಕ್ಕ ಇದಕ್ಕಿಂತ ಸಲೀಸಾಗಿತ್ತು.

ಅವಳ ಹಳೆಯ ಸೀರೆಯೊಂದರ ಸೆರಗು ಜಿಬಿರಾಗತೊಡಗಿತ್ತು. ನಮೂನೆ ಉಳಿಯಲಿ ಅಂತ ನಾನು ಚೌಕದ ಹಾಳೆಯ ಮೇಲೆ ಇಳಿಸಿಕೊಳ್ಳುತ್ತಿದ್ದೆ. ಆಗ ಒಂದು ವಿಷಯ ಕಣ್ಣಿಗೆ ಬಿತ್ತು. ತೇರಿನ ತಳ ಹದಿನೆಂಟು ಹೊಲಿಗೆ. ಅದರ ಮೇಲಿನ ಅಂತಸ್ತು ಹನ್ನೆರಡು. ಅದರ ಮೇಲಿನದು ಆರು. ಗೋಪುರ ನೋಡಿದೆ, ಅಲ್ಲೂ ಆರರ ಲೆಕ್ಕ. ನವಿಲಿನ ಬಾಲ, ಆನೆಯ ಬೆನ್ನು, ಅಂಚಿನ ಬಳ್ಳಿ ಎಲ್ಲಕ್ಕೂ ಆರು. ಬೇರೆ ಮನೆಯ ಕಸೂತಿ ತಂದು ಹೋಲಿಸಿದರೆ ಅಲ್ಲಿ ಹೀಗಿಲ್ಲ. ಐದು ಇದೆ, ಏಳು ಇದೆ, ಎಂಟು ಇದೆ.

ಆಯಿಯನ್ನೇ ಕೇಳಿದೆ. ಅವಳಿಗೆ ನನ್ನ ಪ್ರಶ್ನೆಯೇ ಆಶ್ಚರ್ಯ.

"ಮತ್ತ ಎಣಸಾಕ ಏನರ ಬೇಕಲ್ಲವಾ? ಓಂ, ನ, ಮಃ, ಶಿ, ವಾ, ಯ. ಒಮ್ಮೆ ಅಂದರ ಆರು ಆತು."

"ಒಂದು, ಎರಡು ಅಂತ ಯಾಕ ಎಣಸಂಗಿಲ್ಲ?"

"ಎಣಸಬೌದು. ನಡುವ ಯಾರರ ಮಾತಾಡಿಸಿದರ ತಪ್ಪತೈತಿ. ಇದು ತಪ್ಪಂಗಿಲ್ಲ. ಬಿಟ್ಟಲ್ಲೇ ನಿಂತಿರತೈತಿ."

ಅವಳ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ಸೂಜಿ ಒಮ್ಮೆ ಮೇಲೆ ಬಂದರೆ ಒಂದು ಅಕ್ಷರ, ಕೆಳಗೆ ಹೋದರೆ ಇನ್ನೊಂದು. ವಾಪಸ್ ಬರುವಾಗ ಮತ್ತೆ ಅದೇ. ಅಂದರೆ ಆ ತೇರಿನ ಪ್ರತಿ ಗೆರೆಯ ಮೇಲೂ ಷಡಕ್ಷರಿ ಎರಡು ಸಲ ನಡೆದಿದೆ. ಮೇಲಿನಿಂದ ಒಮ್ಮೆ, ಕೆಳಗಿನಿಂದ ಒಮ್ಮೆ. ತೇರಿನ ಆಕಾರ ಕೂಡ ಮಂತ್ರದ ಅಳತೆಯಿಂದಲೇ ಹುಟ್ಟಿದೆ. ಮೂರು ಮಂತ್ರದ ತಳ, ಎರಡು ಮಂತ್ರದ ನಡು, ಒಂದು ಮಂತ್ರದ ತುದಿ. ಅವಳ ತೇರುಗಳು ಬೇರೆಯವರ ತೇರಿಗಿಂತ ಸ್ವಲ್ಪ ಎತ್ತರ, ಸ್ವಲ್ಪ ಚೂಪು ಅಂತ ಊರಿನ ಹೆಂಗಸರು ಹೇಳುತ್ತಿದ್ದರು. ಯಾಕೆ ಅಂತ ಆವತ್ತು ಗೊತ್ತಾಯಿತು.

ಬೆಳಗಿನ ಆಯಿ, ಮಧ್ಯಾಹ್ನದ ಆಯಿ ಅಂತ ಇಬ್ಬರನ್ನಾಗಿ ಮಾಡಿಕೊಂಡು ನೋಡುತ್ತಿದ್ದವರು ನಾವು. ಅವಳಿಗೆ ಜಗಲಿಯಿಂದ ಎದ್ದು ಪಡಸಾಲೆಗೆ ಬಂದರೆ ಜಾಗ ಬದಲಾಯಿತು, ಅಷ್ಟೇ.

12ನೇ ಶತಮಾನದ ಶರಣೆ ಕದಿರೆ ರೆಮ್ಮವ್ವೆ ನೂಲುವ ಕಾಯಕದವಳು. ತಾನು ತಿರುಗಿಸುವ ರಾಟೆಯ ಅಡಿಯ ಹಲಗೆಯಲ್ಲಿ ಬ್ರಹ್ಮನನ್ನು, ತೋರಣದಲ್ಲಿ ವಿಷ್ಣುವನ್ನು, ನಿಂತ ಬೊಂಬೆಯಲ್ಲಿ ರುದ್ರನನ್ನು ಕಂಡವಳು. ಆಯಿ ಇದನ್ನು ಯಾವುದೋ ಶ್ರಾವಣದ ಪ್ರವಚನದಲ್ಲಿ ಕೇಳಿ ಬಂದಿದ್ದಳು. "ಆಕಿ ರಾಟಿ ಬಿಟ್ಟು ಗುಡಿಗೆ ಹೋಗಲಿಲ್ಲ ನೋಡವಾ" ಅಂತ ನನಗೆ ಎಷ್ಟೋ ಸಲ ಹೇಳಿದ್ದಾಳೆ. ಶರಣೆಯರಲ್ಲಿ ಅವಳಿಗೆ ಹೆಚ್ಚು ಇಷ್ಟವಾದವರು ಕೈಕೆಲಸ ಇದ್ದವರೇ. ಅಕ್ಕಮಹಾದೇವಿಯ ಮೇಲೆ ಅಪಾರ ಭಕ್ತಿ ಇತ್ತು. ಆದರೆ ಮನಸ್ಸು ಬಿಚ್ಚಿ ಮಾತಾಡುತ್ತಿದ್ದದ್ದು ರೆಮ್ಮವ್ವೆಯ ಬಗ್ಗೆ, ಆಯ್ದಕ್ಕಿ ಲಕ್ಕಮ್ಮನ ಬಗ್ಗೆ.

ಶ್ರಾವಣ ಅಂದೆನಲ್ಲ. ನಮ್ಮ ಕಡೆ ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ದಿನಾ ಸಂಜೆ ಓದು, ಪ್ರವಚನ. ಬಸವಣ್ಣ ಹುಟ್ಟುವ ಕಥೆ ಬಂದ ದಿನ ತೊಟ್ಟಿಲು ಕಟ್ಟಿ, ಹೆಂಗಸರೆಲ್ಲ ಸೇರಿ ಜೋಗುಳ ಹಾಡಿ ತೂಗುತ್ತಾರೆ. ಆ ತೊಟ್ಟಿಲಿಗೆ ಕೂಸಿನ ತಲೆಗೆ ಹಾಕುವ ಕುಂಚಿಗೆ, ಕುಲಾಯಿ ಹೊಲಿಯುವುದು ಆಯಿಯ ಪಾಲಿನ ಸೇವೆ. ಪ್ರತಿ ವರ್ಷ ಹೊಸದು. ಪುರಾಣ ಮಂಗಲವಾದ ಮೇಲೆ ಆ ಕುಲಾಯಿ ಆ ವರ್ಷ ಊರಲ್ಲಿ ಹುಟ್ಟಿದ ಯಾವುದಾದರೂ ಕೂಸಿಗೆ ಹೋಗುತ್ತಿತ್ತು. ಯಾವ ಓಣಿಯ ಕೂಸು ಅಂತ ಅವಳು ನೋಡುತ್ತಿರಲಿಲ್ಲ. ಬಡವರ ಮನೆಯದಾಗಿದ್ದರೆ ಖುಷಿ ಜಾಸ್ತಿ.

ಒಂದು ವರ್ಷ ತೊಟ್ಟಿಲಿನ ಹಿಂದಿನ ರಾತ್ರಿ, ಕುಲಾಯಿ ಮುಗಿದು ಮಡಚಿಟ್ಟ ಮೇಲೆ, ಆಯಿ ಅದನ್ನು ಮತ್ತೆ ತೆಗೆದಳು. ಎರಡು ನವಿಲು ಎದುರುಬದುರು ನೋಡಬೇಕಿತ್ತು. ಒಂದರ ಕತ್ತು ಒಂದು ಹೊಲಿಗೆಯಷ್ಟು ಕೆಳಗಿತ್ತು. ಲಾಟೀನಿನ ಬೆಳಕಿನಲ್ಲಿ ಇಡೀ ನವಿಲನ್ನು ಬಿಚ್ಚತೊಡಗಿದಳು. ಅವ್ವ ಹೇಳಿದಳು: "ಅತ್ತಿ, ಇರಲಿ ಬಿಡ್ರಿ. ಬಸವಣ್ಣ ಅಷ್ಟೆಲ್ಲ ನೋಡಂಗಿಲ್ಲ."

"ಆತ ನೋಡಂಗಿಲ್ಲ. ನಾ ನೋಡತೇನಲ್ಲ."

ಈ ಮಾತು ನಮ್ಮ ಮನೆಯಲ್ಲಿ ಈಗ ಗಾದೆಯ ಹಾಗೆ ಓಡಾಡುತ್ತದೆ. ರೊಟ್ಟಿ ಸೀದರೆ, ಗೋಡೆಗೆ ಬಣ್ಣ ಸರಿಯಾಗಿ ಕೂರದಿದ್ದರೆ ಯಾರಾದರೊಬ್ಬರು ಅನ್ನುತ್ತಾರೆ. ನನಗೆ ಮಾತ್ರ ಅದರಲ್ಲಿ ಅವಳ ಹಠ ಕಾಣುತ್ತದೆ. ದೇವರು ಎಲ್ಲವನ್ನೂ ಒಪ್ಪಿಕೊಳ್ಳುತ್ತಾನೆ ಅನ್ನುವುದು ಅವಳಿಗೂ ಗೊತ್ತಿತ್ತು. ಅದನ್ನು ನೆಪ ಮಾಡಿಕೊಂಡು ಕೆಟ್ಟ ಕೆಲಸ ಕೊಡಲು ಅವಳು ತಯಾರಿರಲಿಲ್ಲ. ಭಕ್ತಿ ಅಂದರೆ ಮೆತ್ತಗಿನ ಮನಸ್ಸು, ಹೇಗಿದ್ದರೂ ನಡೆಯುತ್ತದೆ ಅನ್ನುವ ಸಮಾಧಾನ ಅಂತ ತಿಳಿದವರು ನಮ್ಮ ಆಯಿಯ ಪಕ್ಕ ಒಂದು ಮಧ್ಯಾಹ್ನ ಕೂರಬೇಕಿತ್ತು. ನಾನು ಹಾಕಿದ ಸಾಲನ್ನು ಮೂರು ಮೂರು ಸಲ ಬಿಚ್ಚಿಸಿದ್ದಾಳೆ. ಒಮ್ಮೆಯೂ ಸಿಟ್ಟಾಗಿಲ್ಲ. ಒಮ್ಮೆಯೂ ರಿಯಾಯಿತಿ ಕೊಟ್ಟಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು, ಆಷಾಢದ ಮಂಗಳವಾರಗಳಿಗೆ ಗುಳ್ಳವ್ವ, ದೀಪಾವಳಿಗೆ ಸಗಣಿಯ ಪಾಂಡವರು, ಇವೆಲ್ಲ ಅವಳ ಕೈಯಲ್ಲೇ ಆಗಬೇಕು. ಓಣಿಯ ಮಕ್ಕಳೆಲ್ಲ ನಮ್ಮ ಕಟ್ಟೆಯ ಮೇಲೆ ಇರುತ್ತಿದ್ದರು. ಗುಳ್ಳವ್ವನಿಗೆ ಗುಲಗಂಜಿ, ಕುಸುಬಿ ಕಾಳು ಒತ್ತಿ ಸಿಂಗಾರ ಮಾಡುವಾಗ ನಮಗೂ ಒಂದು ಹಿಡಿ ಕಾಳು ಕೊಡುತ್ತಿದ್ದಳು. ಎಲ್ಲಿ ಒತ್ತಬೇಕು ಅಂತ ಮಾತ್ರ ಹೇಳುತ್ತಿರಲಿಲ್ಲ.

ಇನ್ನು ಕೌದಿ. ಇದರ ಬಗ್ಗೆ ನಿಧಾನವಾಗಿ ಹೇಳಬೇಕು.

ಉತ್ತರ ಕರ್ನಾಟಕದ ಮನೆಗಳಲ್ಲಿ ಕೌದಿ ಇಲ್ಲದೆ ಮಲಗಿದವರು ಕಡಿಮೆ. ಹಳೆಯ ಸೀರೆ, ಧೋತರ, ಅಂಗಿ, ಲಂಗ ಎಲ್ಲವನ್ನೂ ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಜೋಡಿಸಿ, ಹತ್ತಿರ ಹತ್ತಿರ ಹೊಲಿಗೆ ಹಾಕುತ್ತಾ ಹೋಗುವುದು. ಆಯಿ ತುಂಡು ಜೋಡಿಸುವಾಗ ಬೇರೆಯದೇ ಹೆಂಗಸು. ನೆಲದ ಮೇಲೆ ಹರವಿ, ದೂರ ಹೋಗಿ ನಿಂತು ನೋಡುವಳು. ಬಂದು ಒಂದು ತುಂಡು ಎತ್ತಿ ಇನ್ನೊಂದು ಇಡುವಳು. ಒಮ್ಮೊಮ್ಮೆ ರೊಟ್ಟಿ ಬಡಿಯುತ್ತಿದ್ದವಳು ಎದ್ದು ಬಂದು ಹಿಟ್ಟಿನ ಕೈಯಿಂದಲೇ ಬೆರಳು ಮಾಡಿ "ಆ ಹಸರು ಅಲ್ಲಿ ಬ್ಯಾಡ, ಈ ಕಡೆ ತಗಿ" ಅನ್ನುವಳು. ಕೆಂಪು ಎಲ್ಲಿ ಎಷ್ಟು ಬೇಕು ಅನ್ನುವುದರಲ್ಲಿ ಅವಳ ಕಣ್ಣು ತಪ್ಪಿದ್ದು ನಾನು ಕಾಣೆ. ಇಳಕಲ್ ಸೆರಗಿನ ಕೆಂಪು ರೇಷ್ಮೆ ಸಿಕ್ಕರೆ ಅದನ್ನು ಕೂಡಿಟ್ಟು, ಒಂದು ಕೌದಿಗೆ ಒಂದೇ ತುಂಡು ಹಾಕುತ್ತಿದ್ದಳು. ನಡುಮಧ್ಯಕ್ಕೆ ಹಾಕುತ್ತಿರಲಿಲ್ಲ. ಮೂಲೆಗೂ ಅಲ್ಲ. ಮಲಗಿದವರ ಎದೆಯ ಮೇಲೆ ಬರುವ ಹಾಗೆ.

ನೈಲಾನ್ ಸೀರೆಗಳು ಬಂದಾಗ ಅವಳಿಗೆ ಭಾಳ ಕಷ್ಟವಾಯಿತು. ಸೂಜಿ ಜಾರುತ್ತದೆ, ಬೆವರು ಹೀರುವುದಿಲ್ಲ, ಪದರದಿಂದ ಪದರ ಸರಿಯುತ್ತದೆ. ಆದರೆ ಊರಲ್ಲಿ ಎಲ್ಲರ ಹಳೆಯ ಬಟ್ಟೆಯೂ ನೈಲಾನೇ ಆಗುತ್ತಾ ಬಂತು. ಕೊನೆಗೆ ಒಳಗಿನ ಪದರಕ್ಕೆ, ಮೈಗೆ ತಾಗುವ ಬದಿಗೆ ಹತ್ತಿ, ಮೇಲಿನ ಚಿತ್ತಾರಕ್ಕೆ ಮಾತ್ರ ನೈಲಾನ್ ಅಂತ ನಿಯಮ ಮಾಡಿಕೊಂಡಳು. ಆ ನೈಲಾನಿನ ಹೊಳಪಿನ ಗುಲಾಬಿ, ಗಿಳಿಹಸಿರು ಅವಳ ಕೈಯಲ್ಲಿ ಎಷ್ಟು ಚೆಂದ ಕೂತವು ಅಂದರೆ, ಆ ಕಾಲದ ಕೌದಿಗಳೇ ನನಗೆ ಹೆಚ್ಚು ಇಷ್ಟ.

ಅವಳ ಕೌದಿಯ ನಾಲ್ಕೂ ಮೂಲೆಗೆ ಒಂದು ವಿಶೇಷ ಇತ್ತು. ಬಟ್ಟೆಯ ಸಣ್ಣ ತುಂಡುಗಳನ್ನು ಮುಕ್ಕೋನಿಯಾಗಿ ಮಡಚಿ, ಒಂದರ ಮೇಲೊಂದು ಕೂರಿಸಿ ಹೂವಿನ ಹಾಗೆ ಮಾಡುತ್ತಿದ್ದಳು. ನಮ್ಮ ಊರಲ್ಲಿ ಹಾಗೆ ಮಾಡುವವರು ಬೇರೆ ಯಾರೂ ಇರಲಿಲ್ಲ. ಅದು ಬಂದದ್ದು ಉಳವಿ ದಾರಿಯಿಂದ.

ಬಸವಣ್ಣನ ಅಕ್ಕನ ಮಗ ಚನ್ನಬಸವಣ್ಣ ಐಕ್ಯವಾದ ಜಾಗ ಉಳವಿ. ಉತ್ತರ ಕನ್ನಡದ ಜೋಯಿಡಾ ತಾಲೂಕಿನ ದಟ್ಟ ಕಾಡಿನ ನಡುವೆ ಇದೆ. ಭಾರತ ಹುಣ್ಣಿಮೆಯ ಹೊತ್ತಿಗೆ ಅಲ್ಲಿ ಜಾತ್ರೆ. ಧಾರವಾಡ, ಬೆಳಗಾವಿ ಕಡೆಯ ರೈತರು ಚಕ್ಕಡಿ ಕಟ್ಟಿಕೊಂಡು, ಎತ್ತಿಗೆ ಜೂಲು, ಗೆಜ್ಜೆ ಹಾಕಿ ಸಾಲುಗಟ್ಟಿ ಹೋಗುತ್ತಾರೆ. ಬಸ್ಸು, ಕಾರು ಇದ್ದರೂ ಚಕ್ಕಡಿ ಬಿಡದವರು ಇವತ್ತಿಗೂ ಇದ್ದಾರೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎತ್ತಿಗೆ ಮೇವು, ಹಾಸಲು ಕೌದಿ. ದಾರಿಯಲ್ಲಿ ಅಲ್ಲಲ್ಲಿ ಬಿಡಾರ. "ಅಡಕೇಶ್ವರ ಮಡಕೇಶ್ವರ ಉಳವಿ ಚನ್ನಬಸವೇಶ್ವರ, ಹರಹರ ಮಹಾದೇವ" ಅಂತ ಕಾಡೆಲ್ಲ ಕೂಗು. ಆಯಿಗೆ ಉಳವಿ ಅಂದರೆ ಜೀವ.

ಹಳಿಯಾಳದ ಆಚೆ ಕಾಡಂಚಿನಲ್ಲಿ ಬಿಡಾರ ಮಾಡಿದಾಗ ಒಂದು ಮನೆಯ ಬೇಲಿಯ ಮೇಲೆ ಒಣಹಾಕಿದ್ದ ಕೌದಿ ಕಂಡಳಂತೆ. ಸಿದ್ದಿಯರ ಮನೆ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ತಂದ ಜನರ ಸಂತತಿ ಅವರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡುಗಳಲ್ಲಿ ತಲೆಮಾರುಗಳಿಂದ ಇದ್ದಾರೆ. ಪರಿಶಿಷ್ಟ ಪಂಗಡದ ಪಟ್ಟಿಗೆ ಅವರು ಸೇರಿದ್ದು 2003ರಲ್ಲಿ. ಅವರ ಹೆಂಗಸರೂ ಹಳೆಯ ಬಟ್ಟೆಯಿಂದ ಕೌದಿ ಹೊಲಿಯುತ್ತಾರೆ, ಆದರೆ ರೀತಿ ಬೇರೆ. ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಮೂಲೆಗೆ ಮಡಚಿದ ಬಟ್ಟೆಯ ಹೂವು. ಆಯಿ ಅಲ್ಲಿಯವರೆಗೆ ಸಾಲು ಸಾಲಾಗಿ ಹೊಲಿದವಳು. ಬೇಲಿಯ ಹತ್ತಿರ ಹೋಗಿ ಬಟ್ಟೆ ತಿರುವಿ ತಿರುವಿ ನೋಡಿದಳು. ಒಳಗಿನಿಂದ ಮನೆಯಾಕೆ ಬಂದಳು. ಇಬ್ಬರೂ ಕೂತರು. ಅವಳದು ಕೊಂಕಣಿ ಬೆರೆತ ಕನ್ನಡ, ಇವಳದು ಧಾರವಾಡದ್ದು. ಸೂಜಿ ಹಿಡಿದ ಮೇಲೆ ಮಾತು ಜಾಸ್ತಿ ಬೇಕಾಗಲಿಲ್ಲ. ಮಧ್ಯಾಹ್ನ ಆಯಿ ಬುತ್ತಿ ಬಿಚ್ಚಿ ಅವಳಿಗೆ ರೊಟ್ಟಿ ಕೊಟ್ಟು, ಅವಳ ಗಂಜಿ ತಾನು ಉಂಡಳು.

ಚಕ್ಕಡಿಯಲ್ಲಿದ್ದ ಹಿರಿಯರಿಗೆ ಇದು ಸರಿಬರಲಿಲ್ಲ. ಯಾರದೋ ಮನೆಯಲ್ಲಿ ಉಂಡು ಬಂದೆ, ಇನ್ನು ಉಳವಿಯ ಗದ್ದುಗೆ ಹೆಂಗ ಮುಟ್ಟತೀ ಅಂತ ತಕರಾರು ತೆಗೆದರು. ಆಯಿ ಉತ್ತರ ಕೊಟ್ಟದ್ದು ಶಾಸ್ತ್ರದಿಂದಲೇ. ಶರಣರು ಐದು ಸೂತಕ ಇಲ್ಲ ಅಂದಿದ್ದಾರೆ. ಹುಟ್ಟಿನದು, ಸಾವಿನದು, ಮುಟ್ಟಿನದು, ಎಂಜಲದು, ಜಾತಿಯದು. "ನಾಕು ಬಿಟ್ಟು ಒಂದನ್ನ ಹಿಡಕೊಂಡರ ಹೆಂಗರಿ? ಹಂಗಂದರ ಚನ್ನಬಸವಣ್ಣನ ಹತ್ರ ಯಾಕ ಹೊಂಟೀವಿ ನಾವು?" ಗಾಡಿಯಲ್ಲಿ ಯಾರೂ ಮತ್ತೆ ಮಾತಾಡಲಿಲ್ಲವಂತೆ. ಇದನ್ನು ನನಗೆ ಹೇಳಿದ್ದು ಆವತ್ತು ಚಕ್ಕಡಿಯಲ್ಲಿದ್ದ ಚಿಕ್ಕಮ್ಮ. ಆಯಿ ಹೇಳುವಾಗ ಕೌದಿಯ ಮಾತು ಮಾತ್ರ ಬರುತ್ತಿತ್ತು.

ಮನೆಯಲ್ಲೂ ಅವಳು ಹಾಗೇ ಇದ್ದಳು. ಮುಟ್ಟಾದ ಸೊಸೆಯರು ಮೂಲೆಯಲ್ಲಿ ಕೂರುವ ಪದ್ಧತಿ ನಮ್ಮ ಮನೆಯಲ್ಲಿ ಇರಲೇ ಇಲ್ಲ. ಲಿಂಗ ಕಟ್ಟಿದ ಮೈಗೆ ಎಂಥ ಸೂತಕ ಅನ್ನುತ್ತಿದ್ದಳು. ಅವ್ವ ಈಗಲೂ ಇದನ್ನು ಕಣ್ಣು ಒದ್ದೆ ಮಾಡಿಕೊಂಡು ನೆನೆಯುತ್ತಾಳೆ. ಯಾಕೆಂದರೆ ಅವಳ ತವರಿನಲ್ಲಿ ಹಾಗಿರಲಿಲ್ಲ.

ನಾನು ಇಲ್ಲೇ ಒಂದು ಮಾತು ಒತ್ತಿ ಹೇಳಬೇಕು. ಆಯಿಯ ಕೌದಿಯ ಮೂಲೆಯಲ್ಲಿ ಆ ಹೂವು ಅರಳಿದ್ದು ಅವಳ ಭಕ್ತಿಯಿಂದಲೇ. ನಂಬಿಕೆ ಬೇರೆ ಥರದ್ದಾಗಿದ್ದರೆ ಅವಳು ಬೇಲಿಯ ಈಚೆಯೇ ನಿಂತು ನೋಡಿ ಬರುತ್ತಿದ್ದಳು. ಕಲಿಯಲು ಪಕ್ಕದಲ್ಲಿ ಕೂರಬೇಕು, ಕೂರಲು ಅವಳನ್ನು ಸಮ ಅಂತ ಕಾಣಬೇಕು. ಶಿವಭಕ್ತೆ ಅಂತ ಅಚ್ಚು ಹಾಕಿಸಿದ ಪತ್ರದಲ್ಲಿ ಈ ಶಿವಭಕ್ತಿ ಎಲ್ಲಿದೆ?

ಆವತ್ತು ಕಲಿತು ಬಂದ ಮೇಲೆ ಅವಳ ಕೌದಿಯ ರೂಪವೇ ಬದಲಾಯಿತು. ನಡುವಿನ ಭಾಗ ಮೊದಲಿನ ಹಾಗೆ ಸಾಲು, ಸುತ್ತಲಿನ ಅಂಚು ಸಿದ್ದಿಯರ ಹಾಗೆ ಸುತ್ತು. ಕೊನೆಯ ಹೊಲಿಗೆಗೆ ಮುಂಚೆ ಒಳಗೆ ರೊಟ್ಟಿಯ ಒಂದು ಚೂರು ಇಟ್ಟು ಮುಚ್ಚುತ್ತಿದ್ದಳು. ಕೌದಿ ಹಸಿದಿರಬಾರದು, ಅದನ್ನು ಹೊದ್ದವರೂ ಹಸಿದು ಮಲಗಬಾರದು ಅಂತ.

ಹೊಲಿಯುವಾಗ ಹಾಡು ಇದ್ದೇ ಇರುತ್ತಿತ್ತು. ಬೀಸುವ ಕಲ್ಲಿನ ಮುಂದೆ ಕಲಿತ ತ್ರಿಪದಿಯ ಧಾಟಿ. ಎಷ್ಟೋ ಪದ ಹಿರಿಯರಿಂದ ಬಂದವು. ಕೆಲವು ಅವಳೇ ಕಟ್ಟಿದ್ದು. ಯಾರು ಕಟ್ಟಿದ್ದು ಅಂತ ಕೇಳಿದರೆ "ಬಂತು, ಅಂದೆ" ಅನ್ನುತ್ತಿದ್ದಳು. ಅವಳದೇ ಅಂತ ಚಿಕ್ಕಮ್ಮ ಗಟ್ಟಿಯಾಗಿ ಹೇಳುವ ಒಂದು ಇಲ್ಲಿದೆ:

ಹರಕು ಸೀರಿಯ ತುಂಡು ಸರಕಲ್ಲ ಅನಬ್ಯಾಡ
ಗುರುವಿನ ಹೆಸರ ಹೊಲದೀನ । ಅದರಾಗ
ಮರತು ಮಲಗ್ಯಾವ ಕೂಸುಗಳು

ಬರೆದಿಟ್ಟುಕೊಳ್ಳಲು ನಾವು ಶುರು ಮಾಡುವ ಹೊತ್ತಿಗೆ ಅವಳ ದನಿ ಒಡೆದಿತ್ತು. ಬಹಳಷ್ಟು ಹೋದವು.

ದುಡ್ಡಿನ ವಿಷಯ ಹೇಳಲೇಬೇಕು, ಯಾಕೆಂದರೆ ಭಕ್ತರ ನೆನಪಿನಲ್ಲಿ ಅದನ್ನು ಯಾರೂ ಬರೆಯುವುದಿಲ್ಲ. ಆಯಿ ಕೆಲಸಕ್ಕೆ ದುಡ್ಡು ತಗೋತಿದ್ದಳು. ಮಠದ ತೊಟ್ಟಿಲಿಗೆ, ಬಾಣಂತಿಗೆ, ಬಡವರ ಮನೆಯ ಲಗ್ನಕ್ಕೆ ಹೊಲಿದಾಗ ಒಂದು ಪೈಸೆಯೂ ಇಲ್ಲ. ಕೊಡಲು ಶಕ್ತಿ ಇದ್ದವರಿಂದ ಪೂರ್ತಿ ಕೂಲಿ. ಒಮ್ಮೆ ಪಟ್ಟಣದಿಂದ ಒಬ್ಬರು ಬಂದು ಎರಡು ಕೌದಿ ಆರಿಸಿ, ರೇಟು ಕೇಳಿ, "ನೀವು ದೇವರ ಹೆಸರಲ್ಲಿ ಮಾಡೋರು, ಅಷ್ಟೊಂದು ಯಾಕೆ?" ಅಂದರು. ಆಯಿ ಕೌದಿ ಮಡಚಿ ವಾಪಸ್ ಇಟ್ಟಳು. "ದೇವರ ಹೆಸರಲೆ ಮಾಡೇನಿ, ಅದಕ್ಕ ಚಲೋ ಆಗೇತಿ. ಚಲೋ ಆಗೇತಿ ಅಂತನ ನೀವೂ ಕೇಳಾಕ ಬಂದೀರಿ." ಅವರು ಕೊನೆಗೆ ಪೂರ್ತಿ ಕೊಟ್ಟೇ ಒಯ್ದರು. ನೂರು ರೂಪಾಯಿ ಹೆಚ್ಚು ಕೊಡಲು ಹೋದರೆ ಅದನ್ನು ತಗೊಳ್ಳಲಿಲ್ಲ. ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದು ತಂದ ಗಂಡ ಮಾರಯ್ಯನನ್ನು ಆಯ್ದಕ್ಕಿ ಲಕ್ಕಮ್ಮ ತಿರುಗಿ ಕಳಿಸಿದ ಕಥೆ ಅವಳಿಗೆ ಬಾಯಿಪಾಠ. ಕೂಲಿ ಬಿಡಬಾರದು, ಕೂಲಿಗಿಂತ ಹೆಚ್ಚು ಮುಟ್ಟಬಾರದು. ಹೆಂಗಸರ ಕೈಕೆಲಸವನ್ನು ಸೇವೆ ಅಂತ ಕರೆದು ಪುಕ್ಕಟೆ ಮಾಡಿಸಿಕೊಳ್ಳುವವರು ಇವತ್ತಿಗೂ ಕಡಿಮೆ ಇಲ್ಲ. ಕೈಕೆಲಸದ ಮೇಳಗಳಲ್ಲಿ ಅಂಥವರನ್ನು ಕಂಡಾಗಲೆಲ್ಲ ನನಗೆ ಆಯಿ ಕೌದಿ ಮಡಚಿದ್ದು ಕಣ್ಣಿಗೆ ಕಟ್ಟುತ್ತದೆ.

ಕೊನೆಯ ವರ್ಷಗಳಲ್ಲಿ ಕಣ್ಣಿಗೆ ಪೊರೆ ಬಂತು. ಆಪರೇಷನ್ನಿಗೆ ಹೆದರಿ ಭಾಳ ದಿನ ದೂಡಿದಳು. ಎಳೆ ಎಣಿಸಲು ಆಗದೆ ಕಸೂತಿ ನಿಂತಿತು, ಕೌದಿ ನಿಲ್ಲಲಿಲ್ಲ. ಬೆರಳಿನಿಂದ ತಡವಿ ಹೊಲಿಯುತ್ತಿದ್ದಳು. ಕೊನೆಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದವಳು ಹಾಸಿಗೆಯ ಮೇಲಿದ್ದ ಕೌದಿ ನೋಡಿ ಹೌಹಾರಿದಳು. ಪೊರೆ ಇದ್ದ ಕಣ್ಣಿಗೆ ಎಲ್ಲ ಹಳದಿಯಾಗಿ ಕಾಣುತ್ತದೆ, ನೀಲಿ ಬಣ್ಣ ಮಂಕಾಗುತ್ತದೆ. ಹಾಗಾಗಿ ಆ ದಿನಗಳಲ್ಲಿ ಕಪ್ಪು ಅಂತ ತಿಳಿದು ಗಾಢ ನೀಲಿ ಹಾಕಿದ್ದಳು. ಅದರ ಪಕ್ಕ ನೇರಳೆ. "ಅಯ್ಯ ಶಿವನ, ಏನ್ ಮಾಡಿಟ್ಟೇನಿ ಇದು!" ಅಂತ ಕತ್ತರಿ ಕೇಳಿದಳು. ಚಿಕ್ಕಮ್ಮ ಕತ್ತರಿ ಬಚ್ಚಿಟ್ಟಳು. ಒಂದು ವಾರ ಇಬ್ಬರಿಗೂ ಜಗಳ. ಆ ನೀಲಿ ಕೌದಿ ಈಗ ಚಿಕ್ಕಮ್ಮನ ಮನೆಯಲ್ಲಿದೆ. ನೀಲಿಯ ಪಕ್ಕ ನೇರಳೆ ಎಷ್ಟು ಚೆಂದ ಕಾಣುತ್ತದೆ ಅಂದರೆ, ಆಯಿಯ ಮಾತಿಗೆ ಒಪ್ಪದೆ ಇರುವ ಒಂದೇ ಜಾಗ ನನಗೆ ಅದು.

ಅವಳು ಹೋದದ್ದು ಬೆಳಗಿನ ಪೂಜೆ ಮುಗಿದ ಮೇಲೆ. ನಮ್ಮಲ್ಲಿ ಸುಡುವುದಿಲ್ಲ. ಇಳಕಲ್ ಸೀರೆ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ವಿಮಾನ ಅನ್ನುವ ಮಂಟಪದಲ್ಲಿ ಕೂರಿಸಿ, ಭಜನೆ ಮಾಡುತ್ತಾ ಕರೆದೊಯ್ದರು. ಕೂತ ಭಂಗಿಯಲ್ಲೇ, ಎಡಗೈಯಲ್ಲಿ ಅವಳ ಲಿಂಗ ಇಟ್ಟು, ಪತ್ರಿ, ವಿಭೂತಿ ತುಂಬಿ ಮಣ್ಣು ಮಾಡಿದರು.

ಆ ತೇರಿನ ನಮೂನೆಯನ್ನು ನಾನು ಹಾಳೆಗೆ ಇಳಿಸಿ ಮುಗಿಸಿದ್ದೇನೆ. ಗೋಪುರ, ಎರಡು ನವಿಲು, ಅಂಚಿನ ಬಳ್ಳಿಯೂ ಆಗಿವೆ. ಆನೆ ಬಾಕಿ ಇದೆ. ಯಾರಿಗೆ ಬೇಕಾದರೂ ಕೊಡುತ್ತೇನೆ. ಹಾಕುವವರು ಇಷ್ಟು ನೋಡಿಕೊಳ್ಳಿ. ಎಳೆ ಎಣಿಸಲು ಬರುವ ಹತ್ತಿಯ ಬಟ್ಟೆ ಇರಲಿ. ಒಂದು ಹೊಲಿಗೆಗೆ ನಾಲ್ಕು ಎಳೆ. ತಳದ ಎಡ ಮೂಲೆಯಿಂದ ಶುರು ಮಾಡಿ, ಹದಿನೆಂಟು ಹೊಲಿಗೆ ಬಲಕ್ಕೆ. ಗಾಲಿ ಎರಡನ್ನೂ ಹೋಗುವಾಗಲೇ ಮುಗಿಸಿಕೊಳ್ಳಿ. ಪತಾಕೆಗೆ ಹನ್ನೆರಡರ ಅಂತಸ್ತಿನ ತುದಿಯಿಂದ ಹೊರಳಿ. ದಾರದ ತುದಿಗೆ ಗಂಟು ಹಾಕಬೇಡಿ, ಒಂದು ಬೆರಳಿನಷ್ಟು ಬಿಟ್ಟು ಕೊನೆಗೆ ಹೊಲಿಗೆಯ ಕೆಳಗೆ ಸೇರಿಸಿ. ಎಣಿಸುವುದು ನಿಮಗೆ ಬರುವ ಹಾಗೆ ಎಣಿಸಿ, ಲೆಕ್ಕ ಮಾತ್ರ ಆರರಲ್ಲೇ ಇರಲಿ. ಕಳಸ ಓರೆಯಾದರೆ ತಳದ ಸಾಲಿನವರೆಗೆ ಬಿಚ್ಚಿ ಮತ್ತೆ ಹಾಕಿ.